ಲೆಕ್ಕದ ಪುಸ್ತಕಕ್ಕೆ ಬಾರದ ಗಂಟೆಗಳು

ಅಕ್ಕ, ತಮ್ಮ ಇಬ್ಬರೂ ಮೈಸೂರಿನವರು. ತಮ್ಮ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಸಿಎನ್‌ಸಿ ಮಷೀನ್ ಆಪರೇಟರ್. ಮನೆಯಲ್ಲಿ ಚಟ್ನಿಪುಡಿ, ಸಾರಿನಪುಡಿ, ಬಿಸಿಬೇಳೆಬಾತ್ ಪುಡಿ, ಪುಳಿಯೋಗರೆ ಗೊಜ್ಜಿನ ವ್ಯಾಪಾರ. ಅಕ್ಕ ಸಂತೆಪೇಟೆಯ ಸಣ್ಣ ಅಂಗಡಿಯವರಿಗೆ ಲೆಕ್ಕ ಬರೆದುಕೊಡುತ್ತಲೇ ತಲೆ ನರೆತವಳು.

ತಮ್ಮ: ಪುಸ್ತಕ ನೋಡು ಅಕ್ಕ. ತಿಂಗಳಿಗೆ 70 ಕಿಲೋ ಹೋಗ್ತಿದೆ. ಕಿಲೋಗೆ ಸರಾಸರಿ 450 ರೂಪಾಯಿ. ಸಾಮಾನು, ಮಿಲ್ಲು, ಕವರು, ಲೇಬಲ್ಲು ಎಲ್ಲ ಕಳೆದು ಕಿಲೋಗೆ 150 ಉಳಿಯುತ್ತೆ. ಅಲ್ಲಿಗೆ 10,500. ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಇಳಿದುಬಿಟ್ರೆ ಮೂರು ಪಟ್ಟು ಮಾಡಬಹುದು ಅನ್ಸುತ್ತೆ. ನೀನೇನಂತೀಯ?

ಅಕ್ಕ: ಬಿಡೋದು ಯಾಕೆ, ಅದನ್ನ ಮೊದಲು ಹೇಳು. ಕೆಲಸ ಬೇಸರವಾಗಿದೆಯೋ, ವ್ಯಾಪಾರದ ಮೇಲೆ ಆಸೆ ಬಂದಿದೆಯೋ?

ತಮ್ಮ: ಎರಡೂ ಅಲ್ಲ, ಸುಸ್ತು. ಒಂದು ವಾರ ಫಸ್ಟ್ ಶಿಫ್ಟ್, ಬೆಳಿಗ್ಗೆ ಆರಕ್ಕೆ ಪಂಚ್ ಮಾಡಬೇಕು. ಇನ್ನೊಂದು ವಾರ ಸೆಕೆಂಡ್ ಶಿಫ್ಟ್, ರಾತ್ರಿ ಹತ್ತಕ್ಕೆ ಬಿಡ್ತಾರೆ, ನಾನು ಮನೆ ಸೇರೋಷ್ಟರಲ್ಲಿ ಮಗಳು ಮಲಗಿರ್ತಾಳೆ. ಭಾನುವಾರ ಪೂರ್ತಿ ಡೆಲಿವರಿ. ಹಾಗಂತ ವ್ಯಾಪಾರ ನಿಲ್ಲಿಸೋಕೂ ಧೈರ್ಯ ಸಾಲಲ್ಲ. ನಮ್ಮ ಲೈನಿಗೆ ಹೊಸಬರನ್ನೆಲ್ಲ ಕಾಂಟ್ರಾಕ್ಟ್ ಮೇಲೇ ತಗೋತಿದ್ದಾರೆ. ನಾಳೆ ವಯಸ್ಸಾದವರು ಬೇಡ ಅಂದ್ರೆ ಕೈಯಲ್ಲಿ ಇನ್ನೊಂದು ಇರಲಿ ಅಂತಲೇ ಇದನ್ನ ಶುರು ಮಾಡಿದ್ದು.

ಅಕ್ಕ: ಆ ಭಯ ಸುಳ್ಳಲ್ಲ. ನನ್ನ ಹತ್ರ ಲೆಕ್ಕ ಬರೆಸೋರಲ್ಲಿ ಹೀಗೇ ಶುರು ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ಸಂಬಳ ಒಂದನ್ನೇ ನಂಬಿ ಮನೆ ನಡೆಸೋ ಕಾಲ ಇದಲ್ಲ ಅಂತ ನಿನಗೆ ಗೊತ್ತಾಗಿದೆಯಲ್ಲ, ಅದಕ್ಕೆ ನಾನು ಶಭಾಷ್ ಅಂತೀನಿ. ಆದರೆ ಸುಸ್ತು ಅಂತ ಕೆಲಸ ಬಿಡಬೇಡ. ನೀನು ಪಿಎಫ್‌ಗೆ ಸೇರಿ ಎಷ್ಟು ವರ್ಷ ಆಯ್ತು?

ತಮ್ಮ: ಎಂಟು ಮುಗೀತು.

ಅಕ್ಕ: ಪಿಂಚಣಿಗೆ ಹತ್ತು ವರ್ಷದ ಸರ್ವಿಸ್ ಬೇಕು ಕಣೋ. ಕಂಪನಿಯವರು ನಿನ್ನ ಹೆಸರಿಗೆ ಹಾಕೋ 12 ಪರ್ಸೆಂಟಿನಲ್ಲಿ 8.33 ಪಿಂಚಣಿ ಖಾತೆಗೆ ಹೋಗುತ್ತೆ. 15,000 ಸಂಬಳದ ಮಿತಿ ಹಿಡಿದ್ರೆ ತಿಂಗಳಿಗೆ 1,250 ರೂಪಾಯಿ. ಎಂಟು ವರ್ಷಕ್ಕೇ ಬಿಟ್ರೆ ಆ ದುಡ್ಡನ್ನ ವಾಪಸ್ ತಗೊಂಡು ಪಿಂಚಣಿ ಕೈಬಿಡಬೇಕು. ಇಲ್ಲ ಅಂದ್ರೆ ಸ್ಕೀಮ್ ಸರ್ಟಿಫಿಕೇಟ್ ಇಟ್ಕೊಂಡು, ಮುಂದೆ ಪಿಎಫ್ ಇರೋ ಇನ್ನೊಂದು ಕೆಲಸಕ್ಕೆ ಸೇರಿದಾಗ ಈ ವರ್ಷಗಳನ್ನ ಅದಕ್ಕೆ ಸೇರಿಸಬೇಕು. ಪೂರ್ತಿ ವ್ಯಾಪಾರಕ್ಕೇ ಇಳಿಯೋನಿಗೆ ಆ ಎರಡನೇ ದಾರಿ ಎಲ್ಲಿದೆ? ಇನ್ನೆರಡು ವರ್ಷ ದೂಡು. ಅಮ್ಮನ ಆಸ್ಪತ್ರೆ ಖರ್ಚು ಈಗ ಯಾವುದರಲ್ಲಿ ಬರ್ತಿದೆ?

ತಮ್ಮ: ಕಂಪನಿ ಇನ್ಶೂರೆನ್ಸ್‌ನಲ್ಲೇ.

ಅಕ್ಕ: ಅದೂ ಸಂಬಳವೇ. ಹೊರಗೆ ಆ ವಯಸ್ಸಿನವರಿಗೆ ಪಾಲಿಸಿ ಮಾಡಿಸೋಕೆ ಹೋಗಿ ನೋಡು, ಆಮೇಲೆ ಕೆಲಸ ಬಿಡೋ ಮಾತಾಡುವೆಯಂತೆ. ನಿನ್ನ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ಬೇರೆ ಉದ್ಯೋಗ, ವ್ಯಾಪಾರದ ವಿಷಯ ಏನು ಬರೆದಿದೆ?

ತಮ್ಮ: ಓದಿಲ್ಲ. ಓದಿದ್ರೂ ಚಟ್ನಿಪುಡಿಗೂ ಕಂಪನಿ ಮಾಡೋ ಬೇರಿಂಗಿಗೂ ಏನು ಸಂಬಂಧ?

ಅಕ್ಕ: ಸಂಬಂಧ ಇಲ್ಲ ಅನ್ನೋದು ನಿನ್ನ ಪರವಾಗೇ ಇದೆ. 2022ರ ಸೆಪ್ಟೆಂಬರ್‌ನಲ್ಲಿ ವಿಪ್ರೋದವರು 300 ಜನರನ್ನ ತೆಗೆದರಲ್ಲ, ಅದು ಪ್ರತಿಸ್ಪರ್ಧಿ ಕಂಪನಿಗಳಿಗೂ ದುಡೀತಿದ್ರು ಅನ್ನೋ ಕಾರಣಕ್ಕೆ. ಅದರ ಹಿಂದಿನ ತಿಂಗಳಷ್ಟೇ ಸ್ವಿಗ್ಗಿಯವರು, ಅನುಮತಿ ತಗೊಂಡು ಹೊರಗಿನ ಕೆಲಸ ಮಾಡಬಹುದು ಅಂತ ನಿಯಮ ತಂದಿದ್ರು. ಒಂದೇ ಬೆಂಗಳೂರು, ಎರಡು ಥರದ ಧೋರಣೆ. ಹಾಗಾಗಿ ಊಹೆ ಮಾಡ್ಕೊಂಡು ಕೂರಬೇಡ, ಲೆಟರ್ ಓದು, ಬೇಕಾದ್ರೆ ಎಚ್‌ಆರ್‌ಗೆ ಬರೆದುಕೊಟ್ಟು ಒಪ್ಪಿಗೆ ತಗೋ. ಆದರೆ ಶಿಫ್ಟ್‌ನಲ್ಲಿ ವಾಟ್ಸಾಪ್ ತೆಗೆದು ಆರ್ಡರ್ ಬರ್ಕೋತೀಯಲ್ಲ, ಅದಕ್ಕೆ ಯಾವ ಒಪ್ಪಿಗೆಯೂ ರಕ್ಷಣೆ ಕೊಡಲ್ಲ. ಸಂಬಳದ ಹೊತ್ತು ಸಂಬಳ ಕೊಟ್ಟವರದು. ಅದೂ ಮಷೀನ್ ಮುಂದೆ ನಿಲ್ಲೋನು ನೀನು, ಕೈ ಹೋದ್ರೆ ಏನು ಗತಿ?

ತಮ್ಮ: ಆಯ್ತು, ಅದನ್ನ ನಿಲ್ಲಿಸ್ತೀನಿ. ಜಿಎಸ್‌ಟಿ ಹೇಳು. 2025ರ ಜುಲೈನಲ್ಲಿ ಬೇಕರಿಯವರು, ಕಾಂಡಿಮೆಂಟ್ಸ್‌ನವರು ಕ್ಯೂಆರ್ ಕೋಡ್ ಕಿತ್ತುಹಾಕಿ ಕ್ಯಾಶ್ ಮಾತ್ರ ಅಂತ ಬೋರ್ಡ್ ಹಾಕಿದ್ರಲ್ಲ, ಆವತ್ತಿಂದ ನನಗೂ ಭಯ.

ಅಕ್ಕ: ಯುಪಿಐನಲ್ಲಿ ಬಂದ ಮೊತ್ತ ನೋಡಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಿದ್ದು, ವರ್ಷದ ವಹಿವಾಟು ಮಿತಿ ದಾಟಿದೆ ಅಂತ ಕಂಡವರಿಗೆ. ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ. ನಿನ್ನದು ನಾಲ್ಕು ಲಕ್ಷವೂ ಮುಟ್ಟಲ್ಲ. ಆದರೆ ಪುಣೆ, ಹೈದರಾಬಾದ್ ಕನ್ನಡದವರು ಕೇಳ್ತಾರೆ ಅಂತ ಕೊರಿಯರ್ ಹಾಕೋ ಯೋಚನೆ ಇದ್ರೆ ಮೊದಲು ನನ್ನ ಕೇಳು. ಹೊರ ರಾಜ್ಯಕ್ಕೆ ಸರಕು ಮಾರೋರಿಗೆ 40 ಲಕ್ಷದ ರಿಯಾಯಿತಿ ಇಲ್ಲ, ಮೊದಲ ಪ್ಯಾಕೆಟ್‌ಗೇ ನೋಂದಣಿ ಬೇಕು. ಆಮೇಲೆ ಕ್ಯೂಆರ್ ಯಾವ ಖಾತೆದು?

ತಮ್ಮ: ನನ್ನ ಸಂಬಳದ್ದೇ.

ಅಕ್ಕ: ಬೇರೆ ಖಾತೆ ಮಾಡು. ಸಂಬಳ, ಚೀಟಿ ದುಡ್ಡು, ಭಾವ ವಾಪಸ್ ಕೊಟ್ಟ ಸಾಲ, ಚಟ್ನಿಪುಡಿ ಎಲ್ಲ ಒಂದೇ ಪಾಸ್‌ಬುಕ್‌ನಲ್ಲಿ ಬಿದ್ರೆ ಮೂರು ವರ್ಷ ಆದ ಮೇಲೆ ಯಾವುದು ಏನು ಅಂತ ನೀನೇ ಹೇಳೋಕಾಗಲ್ಲ. ನೋಟಿಸ್ ಬಂದವರಲ್ಲಿ ಎಷ್ಟೋ ಜನ ಒದ್ದಾಡಿದ್ದು ಇದಕ್ಕೇ. ಎಫ್‌ಎಸ್‌ಎಸ್‌ಎಐ?

ತಮ್ಮ: ಮಾಡಿಸಿದ್ದೀನಿ. ನಮ್ಮಂಥ ಸಣ್ಣ ವಹಿವಾಟಿಗೆ ಬರೀ ರಿಜಿಸ್ಟ್ರೇಷನ್ ಸಾಕಂತೆ. ಹದಿನಾಲ್ಕು ಅಂಕಿಯ ನಂಬರು ಲೇಬಲ್ ಮೇಲೆ ಹಾಕಿದ್ದೀವಿ.

ಅಕ್ಕ: ಒಳ್ಳೇದು. ಇಲ್ಲಿ ಗ್ಯಾಸಿನ ಬಾಬ್ತು ಕಾಣ್ತಿಲ್ಲ?

ತಮ್ಮ: ಮನೆ ಸಿಲಿಂಡರಲ್ಲೇ ಆಗಿಹೋಗುತ್ತೆ.

ಅಕ್ಕ: ಮನೆಗೆ ಅಂತ ಕೊಡೋ 14.2 ಕಿಲೋದ್ದನ್ನ ವ್ಯಾಪಾರಕ್ಕೆ ಉರಿಸೋ ಹಾಗಿಲ್ಲ, 19 ಕಿಲೋದ್ದು ತಗೋಬೇಕು. ಅದು ಕಾನೂನಿನ ಮಾತಾಯ್ತು. ಲೆಕ್ಕದ ಮಾತು ಬೇರೆ: ನಿನ್ನ 150 ರೂಪಾಯಿ ಲಾಭದೊಳಗೆ ಮನೆಯ ಗ್ಯಾಸ್ ಇದೆ, ಮನೆಯ ಕರೆಂಟ್ ಇದೆ, ಫ್ರಿಜ್ ಇದೆ, ಸ್ಕೂಟರಿನ ಪೆಟ್ರೋಲ್ ಇದೆ. ಅದೆಲ್ಲ ಸಂಬಳದಲ್ಲಿ ಹೋಗ್ತಿದೆ, ಇಲ್ಲಿ ಲಾಭ ಅಂತ ಬರ್ತಿದೆ. ಇರಲಿ. ನಾನು ಬಹಳ ಹೊತ್ತಿಂದ ಹುಡುಕ್ತಿರೋದು ಬೇರೇನೋ. ಮೆಣಸಿನಕಾಯಿ ತೊಟ್ಟು ಯಾರು ಬಿಡಿಸ್ತಾರೆ?

ತಮ್ಮ: ನನ್ನ ಹೆಂಡತಿ, ಅಮ್ಮ ಇಬ್ಬರೂ. ಮಧ್ಯಾಹ್ನ ಟಿವಿ ನೋಡ್ತಾ ಮಾಡಿಬಿಡ್ತಾರೆ.

ಅಕ್ಕ: ಹುಣಸೆಹಣ್ಣಿನ ಬೀಜ, ನಾರು ತೆಗೆಯೋದು? ಬೇಳೆ ಆರಿಸೋದು, ಕೊಬ್ಬರಿ ತುರಿಯೋದು, ಕರಿಬೇವು ತೊಳೆದು ನೆರಳಲ್ಲಿ ಒಣಗಿಸೋದು, ಗೊಜ್ಜು ತಳ ಹಿಡೀದ ಹಾಗೆ ಕೈಯಾಡಿಸ್ತಾ ನಿಲ್ಲೋದು, ತೂಕ ಹಾಕಿ ಸೀಲ್ ಮಾಡೋದು?

ತಮ್ಮ: ನಾನೂ ಮಾಡ್ತೀನಿ ಅಕ್ಕ. ಹುರಿಯೋದು ಪೂರ್ತಿ ನಂದೇ, ಮಿಲ್ಲಿಗೆ ಹೋಗೋದು ನಂದೇ.

ಅಕ್ಕ: ನೀನು ಮಾಡಲ್ಲ ಅಂತ ನಾನೆಲ್ಲಿ ಅಂದೆ? ಪುಸ್ತಕದಲ್ಲಿ ಯಾಕಿಲ್ಲ ಅಂತ ಕೇಳ್ತಿದ್ದೀನಿ. ಅವಳು ದಿನಕ್ಕೆ ನಾಲ್ಕು ಗಂಟೆ ಅಂತ ಇಟ್ಕೋ, ತಿಂಗಳಿಗೆ ನೂರು ಗಂಟೆ. ಅಮ್ಮಂದು ನಲವತ್ತು. ಹೊರಗಿನಿಂದ ಒಬ್ಬರನ್ನ ಕರೆದು ಗಂಟೆಗೆ 80 ರೂಪಾಯಿ ಕೊಟ್ಟಿದ್ರೆ 11,200 ಆಗ್ತಿತ್ತು. ನಿನ್ನ ಲಾಭ 10,500. ಅಂದ್ರೆ 700 ರೂಪಾಯಿ ನಷ್ಟದಲ್ಲಿದ್ದೀಯ, ಗ್ಯಾಸ್ ಸೇರಿಸದೆ, ನಿನ್ನ ರಾತ್ರಿಗಳನ್ನೂ ಭಾನುವಾರಗಳನ್ನೂ ಸೇರಿಸದೆ. ಮೂರು ಪಟ್ಟು ಮಾಡ್ತೀನಿ ಅಂತೀಯಲ್ಲ, ಆ ಮೂರು ಪಟ್ಟು ತೊಟ್ಟು ಬಿಡಿಸೋ ಕೈ ಯಾರದು?

ತಮ್ಮ: ಮನೆಯವರ ಕೆಲಸಕ್ಕೆ ಕೂಲಿ ಕಟ್ತಾರಾ ಅಕ್ಕ? ಅವಳು ಕೇಳಿದ್ರೆ ಬೇಜಾರು ಮಾಡ್ಕೋತಾಳೆ. ಇದು ಮಾಡ್ತಿರೋದೇ ಮನೆಗೋಸ್ಕರ.

ಅಕ್ಕ: ಬ್ಯಾಡಗಿಯಲ್ಲಿ ತೊಟ್ಟು ಬಿಡಿಸೋದೇ ಹೆಂಗಸರ ಕೂಲಿ ಕೆಲಸ. ಸಾಲಾಗಿ ಕೂತು ಬಿಡಿಸ್ತಾರೆ, ಸಂಜೆಗೆ ಕೂಲಿ ತಗೋತಾರೆ. 2011ರಲ್ಲಿ ಆ ಮೆಣಸಿನಕಾಯಿಗೆ ಭೌಗೋಳಿಕ ಸೂಚಿಕೆ ಬಂತು, ಆ ಹೆಸರಿಗೆ ನೀನು ನಾಲ್ಕು ದುಡ್ಡು ಜಾಸ್ತಿಯೇ ಕೊಟ್ಟು ತರ್ತೀಯ. ಅದೇ ಕಾಯಿ, ಅದೇ ಕೆಲಸ. ಅಲ್ಲಿ ಅದಕ್ಕೆ ಬೆಲೆ ಇದೆ, ನಿಮ್ಮ ನಡುಮನೆಯಲ್ಲಿ ಇಲ್ಲ. ಮನೆಯೊಳಗೆ ಮಾಡಿದ್ದಕ್ಕೆ ಕೂಲಿ ಕಟ್ಟಬಾರದು ಅನ್ನೋದಾದ್ರೆ ಲಿಜ್ಜತ್ ಹಪ್ಪಳ ಇರ್ತಾನೇ ಇರಲಿಲ್ಲ. 1959ರ ಮಾರ್ಚ್ 15ರಂದು ಮುಂಬಯಿಯ ಗಿರ್ಗಾಂವ್‌ನಲ್ಲಿ ಏಳು ಜನ ಗೃಹಿಣಿಯರು 80 ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸೋಕೆ ಕೂತರು. ಇವತ್ತಿಗೂ ಅವರ ಪದ್ಧತಿ ಏನು ಗೊತ್ತಾ? ಬೆಳಿಗ್ಗೆ ಕೇಂದ್ರದಿಂದ ಹಿಟ್ಟು ತಗೊಂಡು ಹೋಗಿ ತಮ್ಮ ಮನೆಯಲ್ಲೇ ಲಟ್ಟಿಸಿ, ಒಣಗಿಸಿ ತರ್ತಾರೆ. ತೂಕ ಹಾಕಿ ಲಟ್ಟಿಸಿದ್ದಕ್ಕೆ ಕೂಲಿ ಕೊಡ್ತಾರೆ. ಲಟ್ಟಿಸೋರೇ ಸಂಸ್ಥೆಯ ಒಡತಿಯರು, ಲಾಭದಲ್ಲಿ ಪಾಲು ಬೇರೆ. ಒಡತಿಗೂ ಕೂಲಿ ಕಟ್ಟಿದ್ದಕ್ಕೇ ಒಂದು ಹಪ್ಪಳಕ್ಕೆ ನಿಜವಾಗಿ ಎಷ್ಟು ಬೀಳುತ್ತೆ ಅಂತ ಅವರಿಗೆ ಗೊತ್ತು. ನಿನಗೆ ಚಟ್ನಿಪುಡಿ ಕಿಲೋಗೆ ಎಷ್ಟು ಬೀಳುತ್ತೆ ಅಂತ ಇವತ್ತಿಗೂ ಗೊತ್ತಿಲ್ಲ.

ತಮ್ಮ: ಇಷ್ಟು ದಿನ ಒಂದು ಮಾತೂ ಅಂದಿಲ್ಲ ಅವಳು.

ಅಕ್ಕ: ಹೇಳೋಕೆ ಪುರುಸೊತ್ತು ಬೇಡ್ವಾ? ಕೇಂದ್ರ ಸರ್ಕಾರ 2024ರಲ್ಲಿ ಸಮಯ ಬಳಕೆ ಸಮೀಕ್ಷೆ ಮಾಡಿಸಿತ್ತು. ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕೋರ ಲೆಕ್ಕ ತೆಗೆದ್ರೆ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ. ಮಕ್ಕಳನ್ನ, ವಯಸ್ಸಾದವರನ್ನ ನೋಡ್ಕೊಳ್ಳೋದು ಬೇರೆ, ಅದರಲ್ಲಿ 137 ಮತ್ತು 75. ನಿಮ್ಮ ಮನೆಯಲ್ಲಿ ಅದರ ಮೇಲೆ ಚಟ್ನಿಪುಡಿಯ ನಾಲ್ಕು ಗಂಟೆ. ಉದ್ಯೋಗ, ವ್ಯಾಪಾರ, ಸಂಸಾರ ಮೂರನ್ನೂ ಸರಿದೂಗಿಸ್ತಿದ್ದೀನಿ ಅಂತ ಹೇಳೋ ಗಂಡಸರನ್ನ ನಾನು ದಿನಾ ನೋಡ್ತೀನಿ. ಅವರ ಲೆಕ್ಕದಲ್ಲಿ ಒಬ್ಬರ ಗಂಟೆಗಳು ಯಾವಾಗಲೂ ಬಿಟ್ಟುಹೋಗಿರ್ತವೆ. ಅವರು ಕೆಟ್ಟವರು ಅಂತಲ್ಲ, ಪುಸ್ತಕದಲ್ಲಿ ಆ ಕಾಲಮ್ಮೇ ಇರಲ್ಲ. ಅವಳನ್ನ ಕರಿ. ಅವಳಿಲ್ಲದೆ ಈ ಮಾತು ಮುಂದಕ್ಕೆ ಹೋಗಬಾರದು.

ತಮ್ಮ: ಬಾರೇ ಇಲ್ಲಿ, ಅಕ್ಕ ಕರೀತಿದ್ದಾಳೆ. ಈ ವ್ಯಾಪಾರದಲ್ಲಿ ನಿನಗೆ ಹೆಂಗಾಗ್ತಿದೆ ಅಂತ ನೀನೇ ಹೇಳು.

ಹೆಂಡತಿ: ಒಳಗಿಂದ ಕೇಳಿಸ್ತಿತ್ತು. ಕೂಲಿ ಲೆಕ್ಕ ಹಾಕಿದ್ದು ಸರಿ ಅಕ್ಕ, ನಂಗೆ ಬೇಜಾರೇನಿಲ್ಲ. ಆದರೆ ನೀವಿಬ್ಬರೂ ನಾಲ್ಕು ಗಂಟೆ ಅಂತ ಸುಲಭವಾಗಿ ಹೇಳಿಬಿಟ್ರಿ. ಆ ನಾಲ್ಕು ಗಂಟೆ ಯಾವಾಗ ಬರುತ್ತೆ ಅಂತ ಯಾರೂ ಕೇಳಲಿಲ್ಲ. ಇವರದು ಫಸ್ಟ್ ಶಿಫ್ಟ್ ಇದ್ರೆ ಮಧ್ಯಾಹ್ನ ಮೂರರಿಂದ ಕೆಲಸ, ಸೆಕೆಂಡ್ ಇದ್ರೆ ಬೆಳಿಗ್ಗೆ. ಯಾವುದಾದ್ರೂ ಆರ್ಡರ್ ಉಳಿದ್ರೆ ರಾತ್ರಿ ಹತ್ತೂವರೆಗೆ ಬಂದು ಊಟ ಮಾಡಿ ಬಾಣಲೆ ಇಡ್ತಾರೆ. ಇವರ ಕಂಪನಿ ಶಿಫ್ಟ್ ಬದಲಾಯಿಸಿದ ಹಾಗೆಲ್ಲ ನಮ್ಮ ಅಡುಗೆಮನೆ ಶಿಫ್ಟೂ ಬದಲಾಗುತ್ತೆ. ನಂಗೆ ಅಲ್ಲಿ ಸಂಬಳ ಇಲ್ಲ, ವಾರದ ರಜೆಯೂ ಇಲ್ಲ.

ತಮ್ಮ: ಹುರಿಯೋದು ಕಷ್ಟ ಅಂತ ನಾನೇ ಮಾಡ್ತೀನಲ್ಲ.

ಹೆಂಡತಿ: ಮಾಡ್ತೀರಿ. ಅದಕ್ಕೇ ಹೇಳ್ತಿದ್ದೀನಿ. ಬ್ಯಾಡಗಿ ಕಾಯಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಎರಡನ್ನೂ ಒಟ್ಟಿಗೆ ಹಾಕೋ ಹಾಗಿಲ್ಲ, ಬ್ಯಾಡಗಿ ಸಿಪ್ಪೆ ತೆಳ್ಳಗೆ, ಬೇಗ ಸೀಯುತ್ತೆ. ಎರಡು ಹನಿ ಎಣ್ಣೆ ಬಿಟ್ಟು ಸಣ್ಣ ಉರಿಯಲ್ಲಿ ಕೈ ಬಿಡದೆ ಮಗುಚಬೇಕು. ಕಾಯಿ ಉಬ್ಬಿ, ಹೊಳಪು ಬಂದು, ಒಳಗೆ ಬೀಜ ಗಲಗಲ ಅಂದ ತಕ್ಷಣ ಇಳಿಸಬೇಕು. ಎಂಟು ಗಂಟೆ ಮಷೀನ್ ಮುಂದೆ ನಿಂತು ಬಂದ ಕಣ್ಣಿಗೆ ಅದು ಗೊತ್ತಾಗಲ್ಲ ರೀ. ಸ್ವಲ್ಪ ಕಪ್ಪಾಯ್ತು ಅಂದ್ರೆ ಇಡೀ ಒಬ್ಬೆ ಕಹಿ. ಹೋದ ತಿಂಗಳು ಎಸೆದಿದ್ದು ಈ ಪುಸ್ತಕದಲ್ಲಿ ಇದೆಯಾ? ರಾತ್ರಿ ಹೊತ್ತು ಸೊಳ್ಳೆ ಅಂತ ಕಿಟಕಿ ಮುಚ್ಚಿರ್ತೀವಿ. ಘಾಟು ಮನೆಯೆಲ್ಲ ತುಂಬ್ಕೊಂಡು ಮಗು ದಿಂಬಿಗೆ ಮುಖ ಒತ್ಕೊಂಡು ಕೆಮ್ಮುತ್ತೆ. ಬೆಳಿಗ್ಗೆ ಯೂನಿಫಾರಂ ಪೂರ್ತಿ ಒಗ್ಗರಣೆ ವಾಸನೆ ಅಂತ ಶಾಲೆಗೆ ಹೋಗೋಕೆ ಅಳ್ತಾಳೆ.

ಅಕ್ಕ: ಹಾಗಾದ್ರೆ ನಿಲ್ಲಿಸಿಬಿಡೋಣ ಅಂತೀಯಾ?

ಹೆಂಡತಿ: ಇಲ್ಲ ಅಕ್ಕ. ನಿಲ್ಲಿಸೋ ಮಾತೇ ಇಲ್ಲ. ಈ ರುಚಿ ನಂದು. ನಮ್ಮಮ್ಮನ ಅಳತೆ. ಜನ ಫೋನ್ ಮಾಡಿ ಕೇಳೋದು ನನ್ನ ಕೈ ಗೊಜ್ಜನ್ನ. ಇವರು ಕೆಲಸ ಬಿಡೋದೂ ಬೇಡ, ವ್ಯಾಪಾರ ಬಿಡೋದೂ ಬೇಡ. ವ್ಯಾಪಾರ ನನಗೆ ಬಿಡಲಿ. ಬೆಳಿಗ್ಗೆ ಮಗು ಶಾಲೆಗೆ ಹೋದ ಮೇಲೆ ಹತ್ತರಿಂದ ಮೂರು. ಅಷ್ಟರಲ್ಲಿ ಎಷ್ಟಾಗುತ್ತೋ ಅಷ್ಟೇ ಆರ್ಡರ್. ರಾತ್ರಿ ಒಲೆ ಹಚ್ಚೋದಿಲ್ಲ. ದೀಪಾವಳಿಗೆ ಬೇಕಿದ್ರೆ ಒಂದು ವಾರ ಹೆಚ್ಚು ಮಾಡೋಣ, ಅದಕ್ಕೆ ಎದುರು ಮನೆಯವರು ಕೈಗೂಡಿಸ್ತಾರೆ, ಅವರಿಗೆ ಗಂಟೆ ಲೆಕ್ಕದಲ್ಲಿ ಕೊಡೋಣ.

ತಮ್ಮ: ಹಾಗೆ ಮಾಡಿದ್ರೆ 70 ಕಿಲೋ ಆಗಲ್ಲ.

ಹೆಂಡತಿ: 70 ಕಿಲೋದಲ್ಲಿ ಏನು ಉಳಿಯುತ್ತೆ ಅಂತ ಅಕ್ಕ ಈಗ ತೋರಿಸಿದ್ರಲ್ಲ. ನಾನು ಹೇಳ್ತೀನಿ ಕೇಳಿ, ಏನನ್ನ ಬಿಡಬೇಕು ಅಂತ. ನೂರು ಗ್ರಾಂ ಪ್ಯಾಕೆಟ್ ಬಿಡಿ. ಒಂದು ಕಿಲೋಗೆ ಹತ್ತು ಸಲ ತೂಕ, ಹತ್ತು ಸಲ ಸೀಲ್, ಹತ್ತು ಲೇಬಲ್. ಅರ್ಧ ಕಿಲೋ ಆದ್ರೆ ಎರಡೇ ಸಲ. ಕವರ್ ಖರ್ಚೂ ಕಮ್ಮಿ. ಕಾಲು ಕಿಲೋಗಿಂತ ಸಣ್ಣದು ಬೇಡವೇ ಬೇಡ. ಬಿಸಿಬೇಳೆಬಾತ್ ಪುಡಿ ಬಿಡಿ. ಚಕ್ಕೆ, ಲವಂಗ, ಮರಾಠಿ ಮೊಗ್ಗು, ಗಸಗಸೆ ಅಂತ ಅದಕ್ಕೆ ಹಾಕೋದೆಲ್ಲ ದುಬಾರಿ, ಅಂಗಡಿಯಲ್ಲಿ ದೊಡ್ಡ ಕಂಪನಿಯದು ಸಸ್ತಾ ಸಿಗುತ್ತೆ, ಅವರ ಜೊತೆ ನಾವು ಏಗೋಕಾಗಲ್ಲ. ಚಟ್ನಿಪುಡಿ, ಸಾರಿನಪುಡಿ, ಗೊಜ್ಜು ಮೂರು ಸಾಕು. ಬೆಲೆ 520 ಮಾಡಿ.

ತಮ್ಮ: ಒಂದೇ ಸಲ 70 ರೂಪಾಯಿ ಏರಿಸಿದ್ರೆ ಗಿರಾಕಿ ಹೋಗ್ತಾರೆ.

ಹೆಂಡತಿ: ಹತ್ತು ಜನರಲ್ಲಿ ಇಬ್ಬರು ಹೋಗ್ತಾರೆ ಅಂತಿಟ್ಕೊಳ್ಳಿ. ಉಳಿದವರಿಗೆ ಮಾಡಿಕೊಡೋಕೆ ನನಗೆ ಹೊತ್ತೂ ಸಿಗುತ್ತೆ.

ಅಕ್ಕ: ಲೆಕ್ಕ ಹಾಕ್ತೀನಿ ಇರು. 56 ಕಿಲೋ, ಕಿಲೋಗೆ 220 ಉಳಿದ್ರೆ 12,320. ಮೊದಲಿಗಿಂತ ಹದಿನಾಲ್ಕು ಕಿಲೋ ಕಮ್ಮಿ ಮಾಡಿ, 1,820 ರೂಪಾಯಿ ಹೆಚ್ಚು. ಕೂಲಿ ಗಂಟೆಗಳೂ ಅದೇ ಪ್ರಮಾಣದಲ್ಲಿ ಇಳೀತವೆ, ಸಣ್ಣ ಪ್ಯಾಕೆಟ್ ಬಿಟ್ಟಿದ್ದಕ್ಕೆ ಇನ್ನಷ್ಟು. ಇದರಲ್ಲಿ ದೊಡ್ಡ ಸಿಲಿಂಡರ್ ತಗೋಬಹುದು. ಇಷ್ಟು ದಿನ ಈ ಪುಸ್ತಕನ ಇವಳ ಕೈಗೆ ಕೊಡದೆ ಇದ್ದಿದ್ದು ನಿನಗೇ ನಷ್ಟ ನೋಡು.

ತಮ್ಮ: ಅಮ್ಮಂಗೆ ಏನು ಹೇಳೋದು? ಕೆಲಸ ಬಿಡಿಸಿದ್ರೆ ಆರಾಮಾಗಿ ಇರ್ತಾಳೇನೋ.

ಹೆಂಡತಿ: ಅತ್ತೆಗೆ ಬಿಡಿಸಬೇಡಿ. ಹುಣಸೆಹಣ್ಣು ಬಿಡಿಸೋಕೆ ಎದುರು ಮನೆ ಅಜ್ಜಿನೂ ಬಂದು ಕೂರ್ತಾರೆ, ಮಾತಾಡ್ತಾ ಇಬ್ಬರಿಗೂ ಹೊತ್ತು ಹೋಗುತ್ತೆ. ನಾಳೆ ಬೆಳಿಗ್ಗೆ ಹತ್ತು ಕಿಲೋ ಬೇಕು ಅಂತ ಹಿಂದಿನ ಸಂಜೆ ಹೇಳಬೇಡಿ, ಅಷ್ಟೇ. ಆತುರ ಮಾಡಿದ ದಿನ ಅವರಿಗೆ ಬೆರಳ ಗಂಟು ಊದುತ್ತೆ. ಮೆಣಸಿನಕಾಯಿ ಮಾತ್ರ ತೊಟ್ಟು ತೆಗೆದದ್ದನ್ನೇ ತರೋಣ. ಹೊಸ ಮಾಲು ಜನವರಿಯಿಂದ ಬರುತ್ತಲ್ಲ, ಆವಾಗ ಆರು ತಿಂಗಳಿಗೆ ಆಗೋಷ್ಟು ಒಟ್ಟಿಗೆ ತಗೊಂಡ್ರೆ ದರದಲ್ಲೂ ಗಿಟ್ಟುತ್ತೆ.

ಅಕ್ಕ: ಅದಕ್ಕೆ ಒಂದೇ ಸಲ ದುಡ್ಡು ಹಾಕಬೇಕಾಗುತ್ತೆ. ಮುದ್ರಾ ಸಾಲದ ಶಿಶು ವಿಭಾಗದಲ್ಲಿ 50,000ದವರೆಗೆ ಅಡಮಾನ ಇಲ್ಲದೆ ಕೊಡ್ತಾರೆ, ನಿಮಗೆ ಅಷ್ಟೂ ಬೇಕಾಗಲ್ಲ. ಮೊದಲು ಉದ್ಯಮ್ ನೋಂದಣಿ ಮಾಡಿಸಿ. ಅದಕ್ಕೆ ಸರ್ಕಾರಿ ಪೋರ್ಟಲ್‌ನಲ್ಲಿ ಒಂದು ಪೈಸೆ ಶುಲ್ಕ ಇಲ್ಲ, ಸೈಬರ್‌ನವರು ಸಾವಿರ ಕೇಳಿದ್ರೆ ಕೊಡಬೇಡಿ. ಯಾರ ಹೆಸರಿಗೆ ಮಾಡಿಸೋದು?

ತಮ್ಮ: ಇವಳ ಹೆಸರಿಗೇ ಮಾಡಿಸೋಣ. ಎಫ್‌ಎಸ್‌ಎಸ್‌ಎಐನೂ ಇವಳ ಹೆಸರಿಗೆ ಹೊಸದಾಗಿ ತಗೊಂಡು ಲೇಬಲ್ ಬದಲಾಯಿಸೋಣ. ನನಗೂ ಅದು ಒಳ್ಳೇದೇ, ಕಂಪನಿಯವರು ಕೇಳಿದ್ರೆ ಹೆಂಡತಿ ವ್ಯಾಪಾರ ಅಂತ ಹೇಳಬಹುದು.

ಅಕ್ಕ: ಬರೀ ಹೇಳೋಕೆ ಆಗಬಾರದು. ಹೆಸರು ಇವಳದು, ಖಾತೆ ನಿನ್ನದು, ನಿರ್ಧಾರ ನಿನ್ನದು ಅಂತ ನಡೆಸೋ ಅಂಗಡಿಗಳ ಲೆಕ್ಕನೂ ನಾನು ಬರೆದಿದ್ದೀನಿ. ಖಾತೆ ಇವಳ ಹೆಸರಲ್ಲಿ, ಎಟಿಎಂ ಕಾರ್ಡ್ ಇವಳ ಕೈಯಲ್ಲಿ, ಕ್ಯೂಆರ್ ಇವಳ ಫೋನಿಗೆ. ಆರ್ಡರ್ ಒಪ್ಪಿಕೊಳ್ಳೋದು, ಆಗಲ್ಲ ಅನ್ನೋದು ಎರಡೂ ಇವಳೇ ಮಾಡಲಿ. ನಿನ್ನ ನಂಬರಿಗೆ ಬಂದದ್ದನ್ನ ಇವಳಿಗೆ ಕಳಿಸು. ಒಪ್ಪಿಗೆನಾ?

ತಮ್ಮ: ಒಪ್ಪಿಗೆ. ಆದರೆ ಮಿಲ್ಲಿಗೆ ಯಾರು ಹೋಗೋದು? ಹತ್ತರಿಂದ ಮೂರು ಅಂದ್ರೆ ನನ್ನ ಶಿಫ್ಟ್‌ಗೆ ಹೊಂದಲ್ಲ. ಹತ್ತು ಕಿಲೋ ಡಬ್ಬ ಹೊತ್ಕೊಂಡು ಸಿಟಿ ಬಸ್ಸಲ್ಲಿ ಹೋಗೋಕಾಗಲ್ಲ, ಆಟೋಗೆ ಕೊಟ್ರೆ ಲಾಭ ಅಲ್ಲೇ ಹೋಯ್ತು.

ಹೆಂಡತಿ: ಸ್ಕೂಟರ್ ಇದೆಯಲ್ಲ. ನಿಮಗೆ ಕಂಪನಿ ಬಸ್ ಮನೆ ಹತ್ರಕ್ಕೇ ಬರುತ್ತೆ, ಭಾನುವಾರದ ಡೆಲಿವರಿಗಷ್ಟೇ ನೀವು ಗಾಡಿ ತೆಗೆಯೋದು. ನನಗೆ ಓಡಿಸೋದು ಕಲಿಸಿ. ಡೆಲಿವರಿನೂ ವಾರದ ಮಧ್ಯ ನಾನೇ ಮುಗಿಸ್ತೀನಿ, ಭಾನುವಾರ ಮಗೂನ ಕರ್ಕೊಂಡು ಎಲ್ಲಿಗಾದ್ರೂ ಹೋಗಬಹುದು. ಮದುವೆಯಾದ ವರ್ಷ ಕಲಿಸ್ತೀನಿ ಅಂದಿದ್ರಿ.

ತಮ್ಮ: ಎಲ್‌ಎಲ್ ಮಾಡಿಸಬೇಕು. ಅದಾಗಿ ಒಂದು ತಿಂಗಳು ಕಳೆದ ಮೇಲೆ ಡಿಎಲ್ ಟೆಸ್ಟ್. ಅಲ್ಲೀವರೆಗೆ ಒಬ್ಬಳೇ ಓಡಿಸೋ ಹಾಗಿಲ್ಲ.

ಅಕ್ಕ: ಅಲ್ಲೀವರೆಗೆ ಸೆಕೆಂಡ್ ಶಿಫ್ಟ್ ವಾರದಲ್ಲಿ ಬೆಳಿಗ್ಗೆ ಹತ್ತಕ್ಕೆ ನೀನು ಮಿಲ್ಲಿಗೆ ಹೋಗು. ಫಸ್ಟ್ ಶಿಫ್ಟ್ ವಾರ ನಾನು ಆಟೋದಲ್ಲಿ ಬಂದು ಇವಳನ್ನ ಕರ್ಕೊಂಡು ಹೋಗ್ತೀನಿ. ಆ ಆಟೋ ಬಾಡಿಗೆಯನ್ನೂ ಪುಸ್ತಕದಲ್ಲಿ ಬರೀರಿ. ಎಲ್ಲಿ, ಇವಳ ಆಧಾರ್ ಕಾರ್ಡ್ ತಗೊಂಡು ಬಾ, ಎಲ್‌ಎಲ್ ಅರ್ಜಿ ಈಗಲೇ ಹಾಕಿಬಿಡೋಣ.